ಹೊರನಾಡು ಕೊಟ್ಟ ಹೆಸರು, ತಾಯ್ನಾಡು ಕೊಟ್ಟ ರತ್ನ
ಅಭಿನಯ ಸರಸ್ವತಿ ಬಿ. ಸರೋಜಾದೇವಿಯವರ ಚಿತ್ರಜೀವನ

ಸಂಭಾಜಿನಗರದ ಕಚೇರಿಯೊಂದರಲ್ಲಿ ಗುಮಾಸ್ತರಾಗಿರುವ ನಮ್ಮ ವಾಚಕರೊಬ್ಬರು ಹಿಂದೊಮ್ಮೆ ಬರೆದ ಪತ್ರವು ಇನ್ನೂ ನಮ್ಮ ಮೇಜಿನ ಮೇಲಿದೆ. "ಸಂಬಳ, ಬಾಡಿಗೆ, ಮಕ್ಕಳ ಶಾಲೆ ಇವುಗಳ ವಿಚಾರವಾಗಿ ಬರೆಯಬೇಕಾದ ಪತ್ರಿಕೆಯು ಸಿನಿಮಾ ನಟಿಯರಿಗೆ ಕಾಗದವನ್ನು ವ್ಯಯಮಾಡುವುದು ಉಚಿತವೇ?" ಎಂಬುದು ಅವರ ಪ್ರಶ್ನೆ. 2025ನೆಯ ಜುಲೈ 14ರಂದು ಬೆಂಗಳೂರಿನ ಮಲ್ಲೇಶ್ವರದ ತಮ್ಮ ಮನೆಯಲ್ಲಿ, ಎಂಬತ್ತೇಳರ ವಯಸ್ಸಿನಲ್ಲಿ, ಬಿ. ಸರೋಜಾದೇವಿಯವರು ನಿಧನರಾದ ಸುದ್ದಿಗೆ ನಾವು ವಿಶೇಷ ಸ್ಥಳ ಕೊಟ್ಟಿದ್ದೇ ಆ ಮಿತ್ರರ ಅಸಮಾಧಾನಕ್ಕೆ ಕಾರಣ. ಪ್ರಶ್ನೆ ನ್ಯಾಯವಾದದ್ದು. ಎರಡು ಸಾಲಿನ ಉತ್ತರಕ್ಕೆ ಅದು ಸಿಗುವುದಿಲ್ಲವಾದ್ದರಿಂದ ಇಂದು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇವೆ.

ಮೊದಲು ನಮ್ಮ ಅನುಭವದ ಒಂದು ಮಾತು. ಎಸ್.ಎಸ್.ಎಲ್.ಸಿ. ಮುಗಿಸಿ ನಾಶಿಕಕ್ಕೆ ಬಂದು ಹೋಟೆಲಿನಲ್ಲಿ ಮಾಣಿಯಾಗಿ ಸೇರಿದ ಹೊಸತರಲ್ಲಿ ನಮಗೆ ಮರಾಠಿಯ ಲಿಂಗಭೇದ ಬಗೆಹರಿಯುತ್ತಿರಲಿಲ್ಲ. ಕನ್ನಡದಲ್ಲಿ ಚಹಾ ಆಗಲಿ ಇಡ್ಲಿಯಾಗಲಿ "ಬಂತು" ಎಂದರೆ ಮುಗಿಯಿತು. ಮರಾಠಿಯಲ್ಲಿ ಚಹಾ ಗಂಡು, ಇಡ್ಲಿ ಹೆಣ್ಣು. ನಾವು "ಚಹಾ ಆಲೀ, ಇಡ್ಲಿ ಆಲಾ" ಎಂದು ಕೂಗಿದಾಗಲೆಲ್ಲ ಮೇಜಿನ ಮುಂದೆ ಕುಳಿತವರು ನಕ್ಕುಬಿಡುತ್ತಿದ್ದರು. ಹದಿನೇಳರ ಹುಡುಗನಿಗೆ ಆ ನಗೆ ಕಾದ ಹಂಚಿಗಿಂತ ಹೆಚ್ಚು ಸುಡುತ್ತದೆ. ಒಂದು ದಿನ ಅಡಿಗೆಮನೆಯ ಮೂಲೆಯಲ್ಲಿ ಮುಖ ಬಾಡಿಸಿಕೊಂಡು ನಿಂತಿದ್ದ ನಮ್ಮನ್ನು ಕಂಡು ಕುಂದಾಪುರದ ಕಡೆಯ ಭಟ್ಟರು ಕೇಳಿದರು: "ಎಂತ ಮಾಣಿ, ಮೋರೆ ಸಣ್ಣ ಮಾಡ್ಕಂಡಿದ್ದೆ? ಸರೋಜಾದೇವಿ ತಮಿಳ್ ಕೇಂಡಿದ್ಯಾ? ಮದ್ರಾಸಂಗೆ ಆ ಮಾತ್ ಕೇಂಬುಕೇ ಜನ ಟಿಕೇಟ್ ತಕಂತಿದ್ರ್!"

ಭಟ್ಟರು ಯೌವನದಲ್ಲಿ ಮದ್ರಾಸಿನ ಹೋಟೆಲುಗಳಲ್ಲಿ ದುಡಿದವರು. ಅವರ ಅಡಿಗೆಮನೆಯಲ್ಲಿ ಯಾವ ಹುಡುಗನ ಹೆಸರು ಏನೇ ಇರಲಿ, ಕರೆಯುವಾಗ ಮಾತ್ರ ರಾಗವೆಳೆದು "ಗೋಪಾ...ಲ್" ಎನ್ನುತ್ತಿದ್ದರು. ಅದರ ಮೂಲ ನಮಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. 1964ರ 'ಪುದಿಯ ಪರವೈ' ಎಂಬ ತಮಿಳು ಚಿತ್ರದಲ್ಲಿ ನಾಯಕನ ಹೆಸರು ಗೋಪಾಲ. ಪಾತ್ರಧಾರಿ ಶಿವಾಜಿ ಗಣೇಶನ್. ಅವನನ್ನು ನಾಯಕಿ ಸರೋಜಾದೇವಿ ಕರೆಯುವ ಧಾಟಿಯು ತಮಿಳುನಾಡಿನಲ್ಲಿ ಮನೆಮಾತಾಯಿತು. ಅಣಕುಗಾರರು ಇಂದಿಗೂ ಅದನ್ನು ಅನುಕರಿಸುತ್ತಾರೆ, ಜನ ಇಂದಿಗೂ ನಗುತ್ತಾರೆ. ಆದರೆ ಅದು ಪ್ರೀತಿಯ ನಗೆ. ಆ ಚಿತ್ರದಲ್ಲಿ ನಾಯಕಿಯಂತೆ ಕಾಣಿಸುವವಳು ಕಡೆಗೆ ಕೊಲೆಯೊಂದರ ತನಿಖೆಗೆ ಬಂದ ಪೊಲೀಸಳೆಂದು ತಿಳಿಯುತ್ತದೆ. ಸರೋಜಾದೇವಿಯವರ ತಂದೆ ಭೈರಪ್ಪನವರು ಪೊಲೀಸ್ ಇಲಾಖೆಯಲ್ಲಿದ್ದವರೆಂಬುದು ಇಲ್ಲಿ ನೆನಪಾಗುತ್ತದೆ.

ಅವರು ಜನಿಸಿದ್ದು 1938ನೆಯ ಜನವರಿ 7ರಂದು, ಬೆಂಗಳೂರಿನಲ್ಲಿ. ತಂದೆ ಭೈರಪ್ಪ, ತಾಯಿ ರುದ್ರಮ್ಮ. ಇವರು ನಾಲ್ಕನೆಯ ಮಗಳು. ಒಕ್ಕಲಿಗ ಮನೆತನದ ಹೆಣ್ಣುಮಗಳು ಚಿತ್ರರಂಗಕ್ಕೆ ಕಾಲಿಡುವುದು ಅಂದಿನ ದಿನಗಳಲ್ಲಿ ಸುಲಭದ ಮಾತಾಗಿರಲಿಲ್ಲ. ತಂದೆ ನೃತ್ಯ ಕಲಿಯಲು ಪ್ರೋತ್ಸಾಹಿಸಿದರು. ತಾಯಿ ಒಂದು ಕಟ್ಟಳೆಯನ್ನು ವಿಧಿಸಿದರು: ಈಜುಡುಗೆಯನ್ನಾಗಲಿ ತೋಳಿಲ್ಲದ ರವಿಕೆಯನ್ನಾಗಲಿ ತೊಡಕೂಡದು. ಮುಂದೆ ನಾಲ್ಕು ಭಾಷೆಗಳ ನಿರ್ಮಾಪಕರು ಮನೆಯ ಬಾಗಿಲಲ್ಲಿ ಕಾದ ಕಾಲದಲ್ಲಿಯೂ ಮಗಳು ಆ ಕಟ್ಟಳೆಯನ್ನು ಮೀರಲಿಲ್ಲ. ವಿಚಿತ್ರವೆಂದರೆ, ಹಾಗೆ ಮೈತುಂಬ ಉಟ್ಟ ಈ ನಟಿಯ ಸೀರೆ, ರವಿಕೆ, ಒಡವೆಗಳ ಮಾದರಿಯನ್ನೇ ಅರುವತ್ತರ ದಶಕದ ತಮಿಳು ಹೆಂಗಸರು ಅಂಗಡಿಗಳಲ್ಲಿ ಕೇಳಿ ಕೊಂಡರು.

ಮೊದಲ ಚಿತ್ರ 1955ರ 'ಮಹಾಕವಿ ಕಾಳಿದಾಸ'. ನಿರ್ಮಾಪಕರೂ ನಾಯಕರೂ ಆದ ಹೊನ್ನಪ್ಪ ಭಾಗವತರು ಹದಿನೇಳರ ಈ ಹುಡುಗಿಗೆ ಅವಕಾಶವಿತ್ತರು. ನಿರ್ದೇಶನ ಕು.ರಾ. ಸೀತಾರಾಮಶಾಸ್ತ್ರಿಗಳದು. ಚಿತ್ರವು ಆ ವರ್ಷದ ರಾಷ್ಟ್ರಪ್ರಶಸ್ತಿಗಳಲ್ಲಿ ಕನ್ನಡದ ಶ್ರೇಷ್ಠ ಚಿತ್ರವೆಂಬ ಮನ್ನಣೆಗೆ ಪಾತ್ರವಾಯಿತು. ಇಷ್ಟಾದ ಮೇಲೆ ತಾಯ್ನುಡಿಯಲ್ಲಿಯೇ ಚಿತ್ರದ ಮೇಲೆ ಚಿತ್ರ ದೊರೆಯಬೇಕಾಗಿತ್ತು. ಆದರೆ ದೊರೆಯುವ ಸ್ಥಿತಿ ಇರಲಿಲ್ಲ.

ಏಕೆಂಬುದನ್ನು ಮಹಾರಾಷ್ಟ್ರದಲ್ಲಿರುವ ನಾವು ಬಲ್ಲೆವು, ಬಲ್ಲೆವಾದರೂ ಮರೆಯುತ್ತೇವೆ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರಲ್ಲಿ ಬೆಂಗಳೂರಿನಲ್ಲಿ ತೆರೆಕಂಡಿತಾದರೂ ಚಿತ್ರೀಕರಣವಾದದ್ದು ಇದೇ ನಾಡಿನ ಕೊಲ್ಹಾಪುರದಲ್ಲಿ, ಛತ್ರಪತಿ ಸಿನಿಟೋನ್ ಸ್ಟುಡಿಯೋದಲ್ಲಿ. ಕನ್ನಡ ಚಿತ್ರವೆಂಬುದು ಹುಟ್ಟುತ್ತಲೇ ಪರಸ್ಥಳದ ಬಾಡಿಗೆ ಮನೆಯಲ್ಲಿ ಹುಟ್ಟಿತು. ಅನಂತರ ಅದರ ವಾಸ ಬಹುಮಟ್ಟಿಗೆ ಮದ್ರಾಸಿಗೆ ಹೋಯಿತು. ಐವತ್ತರ ದಶಕದ ನಡುವೆ ವರ್ಷಕ್ಕೆ ತಯಾರಾಗುತ್ತಿದ್ದ ಕನ್ನಡ ಚಿತ್ರಗಳು ಇಪ್ಪತ್ತನ್ನು ಮುಟ್ಟುತ್ತಿರಲಿಲ್ಲ. ಪ್ರದರ್ಶನದ ಕ್ಷೇತ್ರ ಕಿರಿದು, ಗಲ್ಲಾಪೆಟ್ಟಿಗೆಯೂ ಹಗುರ. ಗಲ್ಲಾ ತುಂಬದ ಊರಿನಲ್ಲಿ ಕುಶಲಕರ್ಮಿ ನಿಲ್ಲಲಾರನು. ಕಡಂದಲೆಯ ಕೃಷ್ಣರಾಯರು ಮದ್ರಾಸಿಗೆ ಹೋಗಿ 1938ರಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ಕಟ್ಟಿದ್ದು ಯಾವ ಕಾರಣಕ್ಕೋ, ಬೆಂಗಳೂರಿನ ಸರೋಜಾದೇವಿಯವರು ಮದ್ರಾಸಿನ ಸ್ಟುಡಿಯೋಗಳಿಗೆ ಹೋದದ್ದೂ ಹೆಚ್ಚು ಕಡಿಮೆ ಅದೇ ಕಾರಣಕ್ಕೆ.

ತಮಿಳಿನಲ್ಲಿ ಮೊದಮೊದಲು ಸಿಕ್ಕಿದ್ದು ಸಣ್ಣ ಪಾತ್ರಗಳು, ಒಂದೊಂದು ನೃತ್ಯ. 1958ರಲ್ಲಿ ಎಂ.ಜಿ. ರಾಮಚಂದ್ರನ್ ಅವರು ತಾವೇ ಹಣ ಹೂಡಿ, ಮೊದಲ ಬಾರಿಗೆ ತಾವೇ ನಿರ್ದೇಶಿಸಿದ 'ನಾಡೋಡಿ ಮನ್ನನ್' ಚಿತ್ರದಿಂದ ಅದೃಷ್ಟ ತಿರುಗಿತು. ಪೂರ್ವಾರ್ಧದಲ್ಲಿ ಭಾನುಮತಿಯವರು ನಾಯಕಿ, ಉತ್ತರಾರ್ಧದಲ್ಲಿ ಸರೋಜಾದೇವಿ. ಮರುವರ್ಷ ಶ್ರೀಧರ್ ಅವರ ಪ್ರಥಮ ನಿರ್ದೇಶನದ 'ಕಲ್ಯಾಣ ಪರಿಸು' ಬಂದಿತು. ಎಂ.ಜಿ.ಆರ್. ಅವರೊಂದಿಗೆ ಒಟ್ಟು 26 ಚಿತ್ರಗಳು, ಶಿವಾಜಿಯವರೊಂದಿಗೆ 22. 'ಪಾಲುಂ ಪಳಮುಂ' (1961), 'ಆಲಯಮಣಿ' (1962), 'ಎಂಗ ವೀಟ್ಟು ಪಿಳ್ಳೈ' (1965), 'ಅನ್ಬೇ ವಾ' (1966) ಇವುಗಳನ್ನು ತಮಿಳರು ಇಂದಿಗೂ ಹೆಸರಿಟ್ಟು ಹೇಳುತ್ತಾರೆ. ತೆಲುಗಿನಲ್ಲಿ 'ಪಾಂಡುರಂಗ ಮಹಾತ್ಮ್ಯಂ' (1957), 'ಸೀತಾರಾಮ ಕಲ್ಯಾಣಂ', 'ಜಗದೇಕವೀರುನಿ ಕಥ' (ಎರಡೂ 1961).

ಇಲ್ಲಿ ಮುಖ್ಯ ಸಂಗತಿಗೆ ಬರುತ್ತೇವೆ. ಈ ನಟಿಯ ತಮಿಳು ತಮಿಳರ ತಮಿಳಾಗಿರಲಿಲ್ಲ. ಅದರಲ್ಲಿ ಕನ್ನಡದ ಎಳೆತ, ಕನ್ನಡದ ಮೃದುತ್ವ ಉಳಿದೇ ಇತ್ತು. ಪರಭಾಷೆಯ ನಟಿಯರಿಗೆ ಬೇರೆಯವರ ಕಂಠವನ್ನು ಜೋಡಿಸುವ ಪದ್ಧತಿ ಚಿತ್ರರಂಗದಲ್ಲಿ ಹೊಸತಲ್ಲ. ಇವರದನ್ನೂ ಹಾಗೆಯೇ ಮುಚ್ಚಿಬಿಡಬಹುದಿತ್ತು, ಮುಚ್ಚಲಿಲ್ಲ. ಭಾಷಾಭಿಮಾನದಲ್ಲಿ ಯಾರಿಗೂ ಕಡಿಮೆಯಿಲ್ಲದ ತಮಿಳು ಜನ ಆ ಉಚ್ಚಾರವನ್ನು ದೋಷವೆಂದು ಎಣಿಸದೆ ಸೊಗಸೆಂದು ಸ್ವೀಕರಿಸಿದರು. ಅಷ್ಟೇ ಅಲ್ಲ, 'ಕನ್ನಡತ್ತು ಪೈಂಗಿಳಿ', ಅಂದರೆ ಕನ್ನಡದ ಹಸಿರು ಗಿಳಿ ಎಂದು ಬಿರುದಿತ್ತರು. ಆಕೆಯ ಊರನ್ನು ಮರೆಸಿ ತಮ್ಮವಳೆಂದುಕೊಳ್ಳಲಿಲ್ಲ. ಊರಿನ ಹೆಸರನ್ನೇ ಕೊರಳಿಗೆ ಹಾರ ಮಾಡಿ ತಮ್ಮವಳೆಂದುಕೊಂಡರು. ಪರಸ್ಥಳದಲ್ಲಿ ಅನ್ನ ಸಂಪಾದಿಸುವ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿಯನ್ನು ಯಾವ ಸರ್ಕಾರ ಕೊಡಬಲ್ಲದು? ನಮ್ಮ ಅಡಿಗೆ ಭಟ್ಟರು ಹೇಳಿದ್ದು ಇದನ್ನೇ.

ಹಿಂದಿ ಚಿತ್ರಗಳ ವಿಚಾರ ಬೇರೆ. 1959ರಲ್ಲಿ ಎಸ್.ಎಸ್. ವಾಸನ್ ಅವರ 'ಪೈಗಾಂ' ಚಿತ್ರದಲ್ಲಿ ದಿಲೀಪ್ ಕುಮಾರ್, ವೈಜಯಂತಿಮಾಲಾ ಅವರ ಜೊತೆ ಪಾತ್ರವಹಿಸಿ ಈ ಕಡೆಗೆ ಪರಿಚಿತರಾದರು. 1961ರ 'ಸಸುರಾಲ್' ಚಿತ್ರದಲ್ಲಿ ರಾಜೇಂದ್ರ ಕುಮಾರ್ ಜೋಡಿ. ಅದರಲ್ಲಿ ನಾಯಕಿಯ ಚೆಲುವಿಗೆ ದೃಷ್ಟಿ ತಾಗದಿರಲೆಂದು ನಾಯಕ ಹಾಡುವ ಗೀತೆಗೆ ಮಹಮ್ಮದ್ ರಫಿಯವರು ಫಿಲ್ಮ್‌ಫೇರ್ ಪ್ರಶಸ್ತಿ ಪಡೆದರು. ಮದುವೆಯ ಮೆರವಣಿಗೆಗಳಲ್ಲಿ ಬ್ಯಾಂಡಿನವರು ಆ ಧಾಟಿಯನ್ನು ಇನ್ನೂ ನುಡಿಸುತ್ತಾರೆ. ಅದು ಬೆಂಗಳೂರಿನ ಹುಡುಗಿಯ ಮುಖವನ್ನು ಕುರಿತ ಹಾಡೆಂದು ಪಂಚವಟಿಯ ಬ್ಯಾಂಡಿನವರಿಗೆ ಗೊತ್ತಿರಲಾರದು. 'ಆಪೆರಾ ಹೌಸ್' (1961), ಶಮ್ಮಿ ಕಪೂರ್ ಜೊತೆಯ 'ಪ್ಯಾರ್ ಕಿಯಾ ತೋ ಡರ್ನಾ ಕ್ಯಾ' (1963), ಸುನೀಲ್ ದತ್ತ್ ಜೊತೆಯ 'ಬೇಟಿ ಬೇಟೆ' (1964) ಹೀಗೆ ಕೆಲವು ಚಿತ್ರಗಳಾದವು. ಆದರೆ ವೈಜಯಂತಿಮಾಲಾ ಅವರಂತೆ ಮುಂಬಯಿಯಲ್ಲಿ ನೆಲೆಯೂರಲಿಲ್ಲ. ದಕ್ಷಿಣದ ಮೂರು ಭಾಷೆಗಳ ಕರೆಯೇ ಕೈತುಂಬ ಇದ್ದಾಗ ನಾಲ್ಕನೆಯದಕ್ಕೆ ಸಿಕ್ಕಿದ್ದು ಉಳಿದ ವೇಳೆ. ಅಭಿಮಾನದಿಂದ ಇದನ್ನು ಉಬ್ಬಿಸಿ ಹೇಳುವ ಅಗತ್ಯ ನಮಗೆ ಕಾಣುವುದಿಲ್ಲ.

ಇನ್ನು ತಾಯ್ನುಡಿಯ ಸಂಗತಿ. ಹೊರಗೆ ಇಷ್ಟು ಹೆಸರು ಮಾಡಿದ ಕಾಲದಲ್ಲಿ ಅವರು ಕನ್ನಡಕ್ಕೆ ಹಿಂದಿರುಗಿ ಅಭಿನಯಿಸಿದ 'ಕಿತ್ತೂರು ಚೆನ್ನಮ್ಮ' (1961) ನಮ್ಮ ಅಭಿಪ್ರಾಯದಲ್ಲಿ ಅವರ ಅತ್ಯುತ್ತಮ ಕೃತಿ. ನಿರ್ದೇಶಕ ಬಿ.ಆರ್. ಪಂತುಲು ಅವರೂ ಮದ್ರಾಸಿನಲ್ಲಿ ನೆಲೆಸಿ ಹೆಸರು ಮಾಡಿದ ಕನ್ನಡ ಸೀಮೆಯವರೇ. 1959ರಲ್ಲಿ ಶಿವಾಜಿಯವರಿಂದ 'ವೀರಪಾಂಡಿಯ ಕಟ್ಟಬೊಮ್ಮನ್' ಮಾಡಿಸಿ, ಬ್ರಿಟಿಷರಿಗೆ ಕಪ್ಪ ಕೊಡದ ತಮಿಳು ಪಾಳೆಯಗಾರನ ಕಥೆಯನ್ನು ಹೇಳಿದ್ದರು. ತಮ್ಮ ನಾಡಿಗೂ ಅಂಥದೊಂದು ಚಿತ್ರ ಬೇಕೆಂದು ಅವರಿಗೆ ಅನಿಸಿರಬೇಕು. ರಾಜ್‌ಕುಮಾರ್ ಮಲ್ಲಸರ್ಜನಾದರು, ಸರೋಜಾದೇವಿ ಚೆನ್ನಮ್ಮನಾದರು.

ನಾಶಿಕದಿಂದ ಊರಿಗೆ ಬಸ್ಸಿನಲ್ಲಿ ಹೋಗುವ ನಮ್ಮ ವಾಚಕರಿಗೆ ಕಿತ್ತೂರು ಅಪರಿಚಿತವಲ್ಲ. ಬೆಳಗಾವಿ ದಾಟಿ ಧಾರವಾಡದ ಕಡೆ ಸಾಗುವಾಗ ಬರುವ ಊರು. ಆ ಹೊತ್ತಿಗೆ ಹೆಚ್ಚಿನವರು ನಿದ್ರೆಯಲ್ಲಿರುತ್ತಾರೆ. 1824ನೆಯ ಅಕ್ಟೋಬರ್ 23ರಂದು ಅಲ್ಲಿಯ ಕೋಟೆಯೆದುರು ಕಂಪನಿಯ ಅಧಿಕಾರಿ ಥ್ಯಾಕರೆ ಹತನಾದನು. ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂದು ಕೋಟೆಯನ್ನು ಹಿಡಿಯಿತು. ಸೆರೆಯಾದ ರಾಣಿ 1829ರಲ್ಲಿ ಬೈಲಹೊಂಗಲದಲ್ಲಿ ತೀರಿಕೊಂಡಳು. ಅನಂತರ ಶತಮಾನಕ್ಕೂ ಹೆಚ್ಚು ಕಾಲ ಆ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1956ರಲ್ಲಿ ಏಕೀಕರಣವಾದಾಗ ಕನ್ನಡ ರಾಜ್ಯಕ್ಕೆ ಬಂದಿತು. ಐದೇ ವರ್ಷಗಳ ಮೇಲೆ ತೆರೆಕಂಡ ಈ ಚಿತ್ರವು, ಹಳೆಯ ಮೈಸೂರಿನವರಿಗೆ ಮುಂಬಯಿ ಕರ್ನಾಟಕದ ರಾಣಿಯನ್ನು ಪರಿಚಯ ಮಾಡಿಕೊಟ್ಟಿತು. ಚೆನ್ನಮ್ಮನ ನಿಜವಾದ ಮುಖವನ್ನು ಕಂಡವರು ಯಾರೂ ಇಲ್ಲ. ಅನೇಕ ಕನ್ನಡಿಗರಿಗೆ ರಾಣಿಯೆಂದರೆ ಸರೋಜಾದೇವಿಯ ಮುಖವೇ. ಪರಭಾಷೆಗಳಲ್ಲಿ ಪ್ರೇಯಸಿಯಾಗಿ ಮರಗಿಡಗಳ ನಡುವೆ ಓಡಿದ ನಟಿ, ಇಲ್ಲಿ ದರ್ಬಾರಿನಲ್ಲಿ ನಿಂತು ಪರಂಗಿಯವನ ಎದುರು ಧ್ವನಿಯೆತ್ತಿದಾಗ, ಹೊರಗೆ ಎಳೆತವೆನಿಸಿದ ಅದೇ ಕಂಠ ಹೇಗೆ ಬಿಗಿಯಾಗುತ್ತದೆಂಬುದನ್ನು ಕೇಳಿಯೇ ತಿಳಿಯಬೇಕು. ಈ ಚಿತ್ರಕ್ಕೂ ರಾಷ್ಟ್ರಪ್ರಶಸ್ತಿಗಳಲ್ಲಿ ಕನ್ನಡದ ಶ್ರೇಷ್ಠ ಚಿತ್ರವೆಂಬ ಗೌರವ ಸಂದಿತು.

1964ರಲ್ಲಿ ಬಿ.ಎಸ್. ರಂಗಾ ಅವರ 'ಅಮರಶಿಲ್ಪಿ ಜಕಣಾಚಾರಿ', ಕನ್ನಡದ ಮೊದಲ ಪೂರ್ಣ ವರ್ಣಚಿತ್ರ. ಕಲ್ಯಾಣ್ ಕುಮಾರ್ ಎದುರು ಇವರೇ ನಾಯಕಿ. 1967ರಲ್ಲಿ ಇಂಜಿನಿಯರ್ ಶ್ರೀಹರ್ಷ ಅವರೊಡನೆ ವಿವಾಹವಾಯಿತು. ಮದುವೆಯಾದೊಡನೆ ನಟಿಯ ವೃತ್ತಿ ಮುಗಿಯಿತೆಂದು ತಿಳಿಯುತ್ತಿದ್ದ ಕಾಲ ಅದು. ಇವರದು ಮುಗಿಯಲಿಲ್ಲ. ಎರಡೇ ವರ್ಷಗಳ ಮೇಲೆ, 1969ರಲ್ಲಿ, ಪುಟ್ಟಣ್ಣ ಕಣಗಾಲರ 'ಮಲ್ಲಮ್ಮನ ಪವಾಡ' ಬಂದಿತು. ಬಿ. ಪುಟ್ಟಸ್ವಾಮಯ್ಯನವರ 'ಅರ್ಧಾಂಗಿ' ಕಾದಂಬರಿ ಅದಕ್ಕೆ ಆಧಾರ. ಮುಗ್ಧ ಗಂಡನನ್ನು ವಂಚಿಸುವ ಮಲತಾಯಿಯ ಎದುರು ಬುದ್ಧಿಯಿಂದ ನಿಲ್ಲುವ ಸೊಸೆಯ ಕಥೆ. ಓದುತ್ತಿದ್ದಂತೆಯೇ ಎಲ್ಲೋ ನೋಡಿದ ಹಾಗಿದೆಯಲ್ಲಾ ಎಂದು ವಾಚಕರಿಗೆ ಅನಿಸಿದರೆ ಆಶ್ಚರ್ಯವಿಲ್ಲ. ಇದೇ ಕಥೆ ತಮಿಳಿನಲ್ಲಿ 'ಎಂಗ ಚಿನ್ನ ರಾಸಾ' ಆಗಿ, ಅಲ್ಲಿಂದ 1992ರಲ್ಲಿ ಹಿಂದಿಯ 'ಬೇಟಾ' ಆಯಿತು. ಆ ಸೊಸೆಯ ಪಾತ್ರಕ್ಕೆ ಮಾಧುರಿ ದೀಕ್ಷಿತ್ ಅವರು ಫಿಲ್ಮ್‌ಫೇರ್ ಶ್ರೇಷ್ಠ ನಟಿ ಪ್ರಶಸ್ತಿ ಪಡೆದರು. ನಮ್ಮ ಮರಾಠಿ ನೆರೆಯವರೊಡನೆ 'ಬೇಟಾ' ಮಾತು ಬಂದಾಗ, ಆ ಬೇರು ಕನ್ನಡ ಕಾದಂಬರಿಯದೆಂದೂ, ಆ ಪಾತ್ರವನ್ನು ಇಪ್ಪತ್ಮೂರು ವರ್ಷ ಮೊದಲೇ ಸರೋಜಾದೇವಿ ವಹಿಸಿದ್ದರೆಂದೂ ಹೇಳಲು ಹಿಂಜರಿಯಬೇಕಾಗಿಲ್ಲ.

'ನ್ಯಾಯವೇ ದೇವರು' (1971), 'ಶ್ರೀ ಶ್ರೀನಿವಾಸ ಕಲ್ಯಾಣ' (1974), 'ಬಬ್ರುವಾಹನ' ಮತ್ತು 'ಭಾಗ್ಯವಂತರು' (1977) ರಾಜ್‌ಕುಮಾರ್ ಅವರೊಡನೆ ಬಂದ ಮುಂದಿನ ಚಿತ್ರಗಳು. 'ಬಬ್ರುವಾಹನ'ದ ಚಿತ್ರಾಂಗದೆಯನ್ನು ಮರೆತವರುಂಟೆ? 1986ರಲ್ಲಿ ಪತಿ ತೀರಿಕೊಂಡರು. ಆ ನಂತರ ತೆರೆಯ ಮೇಲೆ ಕಾಣಿಸಿಕೊಂಡದ್ದು ಅಪರೂಪ. 2009ರ ತಮಿಳು ಚಿತ್ರ 'ಆದವನ್', 2019ರಲ್ಲಿ ಪುನೀತ್ ರಾಜ್‌ಕುಮಾರ್ ಅವರ 'ನಟಸಾರ್ವಭೌಮ' ಕಡೆಗಾಲದ ದರ್ಶನಗಳು. ತಂದೆಯ ಜೋಡಿಯಾಗಿದ್ದವರು ಮಗನ ಚಿತ್ರದಲ್ಲಿ ಹಿರಿಯರಾಗಿ ಬಂದು ಹರಸಿದಂತಾಯಿತು. ಎಲ್ಲ ಭಾಷೆಗಳನ್ನೂ ಕೂಡಿಸಿದರೆ ಸುಮಾರು 200 ಚಿತ್ರಗಳು.

ಈಗ ಪ್ರಶಸ್ತಿಗಳ ಲೆಕ್ಕ. ಗಲ್ಲಾದಲ್ಲಿ ಕುಳಿತವನಿಗೆ ಬಂದದ್ದನ್ನೂ ಬಾರದ್ದನ್ನೂ ಎರಡನ್ನೂ ಬರೆದಿಡುವ ಅಭ್ಯಾಸ. ಭಾರತ ಸರ್ಕಾರವು 1969ರಲ್ಲಿ ಪದ್ಮಶ್ರೀ, 1992ರಲ್ಲಿ ಪದ್ಮಭೂಷಣ ಕೊಟ್ಟಿತು. ಬೆಂಗಳೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. 'ಅಭಿನಯ ಸರಸ್ವತಿ' ಎಂದು ಕನ್ನಡಿಗರು ಕರೆದರು. ಬಾರದೆ ಹೋದದ್ದು ರಾಷ್ಟ್ರಮಟ್ಟದ ಶ್ರೇಷ್ಠ ನಟಿ ಪ್ರಶಸ್ತಿ. ಇದರಲ್ಲಿ ಯಾರದೂ ತಪ್ಪಿಲ್ಲ. ಆ ಪ್ರಶಸ್ತಿ ಆರಂಭವಾದದ್ದೇ 1967ರ ಚಿತ್ರಗಳಿಂದ. ಮೊದಲ ಬಾರಿ ನರ್ಗಿಸ್ ದತ್ತ್ ಅವರಿಗೆ ಸಂದಿತು. ಅಷ್ಟರಲ್ಲಿ ಚೆನ್ನಮ್ಮನೂ ಬಂದು ಹೋಗಿದ್ದಳು, 'ಪುದಿಯ ಪರವೈ' ಕೂಡ ಬಂದು ಹೋಗಿತ್ತು. ತಮಗೆ ಸಿಗದ ಅದೇ ರಾಷ್ಟ್ರಪ್ರಶಸ್ತಿಗಳನ್ನು ಇತರರಿಗೆ ಆರಿಸಿಕೊಡುವ ತೀರ್ಪುಗಾರರ ಮಂಡಳಿಗೆ ಮುಂದೆ ಎರಡು ಬಾರಿ, 45ನೆಯ ಮತ್ತು 53ನೆಯ ಪ್ರಶಸ್ತಿಗಳ ಸಂದರ್ಭದಲ್ಲಿ, ಅವರೇ ಅಧ್ಯಕ್ಷತೆ ವಹಿಸಿದರು.

ಇನ್ನೊಂದು ಬಾರದ್ದು ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ. ನಾಶಿಕದವರಾದ ನಮಗೆ ಇದು ಸ್ವಲ್ಪ ಹತ್ತಿರದ ಸಂಗತಿ. ಫಾಲ್ಕೆಯವರು ಹುಟ್ಟಿದ್ದು ಇಲ್ಲಿಗೆ ಸಮೀಪದ ತ್ರ್ಯಂಬಕದಲ್ಲಿ, ಚಿತ್ರ ತಯಾರಿಸಿದ್ದು ನಾಶಿಕದಲ್ಲಿ, 1944ರಲ್ಲಿ ಕಣ್ಣುಮುಚ್ಚಿದ್ದೂ ನಾಶಿಕದಲ್ಲಿಯೇ. ಆ ಹೆಸರಿನ ಪ್ರಶಸ್ತಿ ನಮ್ಮ ರಾಜ್‌ಕುಮಾರ್ ಅವರಿಗೆ 1995ನೆಯ ಸಾಲಿನಲ್ಲಿಯೂ, ಮೈಸೂರಿನಿಂದ ಮುಂಬಯಿಗೆ ಹೋಗಿ ಗುರುದತ್ತರ ಚಿತ್ರಗಳಿಗೆ ಛಾಯಾಗ್ರಾಹಕರಾದ ವಿ.ಕೆ. ಮೂರ್ತಿಯವರಿಗೆ 2008ನೆಯ ಸಾಲಿನಲ್ಲಿಯೂ ಬಂದಿತು. ನಾಲ್ಕು ಭಾಷೆಗಳನ್ನು ಮೂರು ದಶಕ ಆಳಿದ ಸರೋಜಾದೇವಿಯವರಿಗೆ ಬಾರಲಿಲ್ಲ. ಬಂದಿದ್ದರೆ ಶೋಭಿಸುತ್ತಿತ್ತೆಂಬುದು ನಮ್ಮ ಮತ.

ಕರ್ನಾಟಕ ಸರ್ಕಾರವು 'ಕರ್ನಾಟಕ ರತ್ನ'ವನ್ನು 1992ರಲ್ಲಿ ಕುವೆಂಪು ಮತ್ತು ರಾಜ್‌ಕುಮಾರ್ ಅವರಿಂದ ಆರಂಭಿಸಿತು. ಗದಗಿನಿಂದ ಹೊರಟು ಪುಣೆಯಲ್ಲಿ ನೆಲೆಸಿದ ಭೀಮಸೇನ ಜೋಶಿಯವರಿಗೂ ಅದು ಸಂದಿತ್ತು. ಹೊರನಾಡಿನಲ್ಲಿ ಬಾಳಿದವರನ್ನು ತಾಯ್ನಾಡು ಮರೆತಿಲ್ಲವೆಂದು ಆಗ ನಾವು ಹಿಗ್ಗಿದ್ದೆವು. ಆದರೆ ಮೂವತ್ತಮೂರು ವರ್ಷಗಳ ಆ ಸಾಲಿನಲ್ಲಿ ಒಬ್ಬ ಮಹಿಳೆಯೂ ಇರಲಿಲ್ಲ. 2025ನೆಯ ಸೆಪ್ಟೆಂಬರ್ 11ರಂದು ರಾಜ್ಯ ಸಚಿವ ಸಂಪುಟವು ವಿಷ್ಣುವರ್ಧನ್ ಅವರೊಡನೆ ಸರೋಜಾದೇವಿಯವರಿಗೂ ಅದನ್ನು ಮರಣೋತ್ತರವಾಗಿ ನೀಡಲು ತೀರ್ಮಾನಿಸಿತು. ಅವರು ತೀರಿಕೊಂಡು ಆಗ ಎರಡು ತಿಂಗಳು ತುಂಬಲು ಮೂರು ದಿನ ಬಾಕಿ. ಎಂಬತ್ತೇಳು ವರ್ಷ ಬದುಕಿದ್ದವರಿಗೆ ಎರಡು ತಿಂಗಳು ಮೊದಲು ಕೊಡಲಾಗಲಿಲ್ಲವೇ ಎಂಬ ಪ್ರಶ್ನೆ ನಮ್ಮದು ಮಾತ್ರವಲ್ಲ. ತಮಿಳು ಪ್ರೇಕ್ಷಕರು ತಮ್ಮ ಗಿಳಿಗೆ ಹೆಸರಿಡಲು ಅಷ್ಟು ಕಾಯಲಿಲ್ಲ.

ಜುಲೈ 15ರಂದು, ಚನ್ನಪಟ್ಟಣ ತಾಲೂಕಿನ ದಶವಾರದಲ್ಲಿ, ತಾಯಿಯ ಸಮಾಧಿಯ ಬಳಿ ಸರ್ಕಾರಿ ಗೌರವದೊಂದಿಗೆ ಅಂತ್ಯಕ್ರಿಯೆ ನಡೆಯಿತು. ಪೊಲೀಸರು ಕುಶಾಲುತೋಪು ಹಾರಿಸಿದರು. ಕಣ್ಣುಗಳನ್ನು ಮೊದಲೇ ದಾನಮಾಡಲಾಗಿತ್ತು.

ಸಂಭಾಜಿನಗರದ ಗುಮಾಸ್ತ ಮಿತ್ರರಿಗೆ ಒಂದು ವಿನಂತಿ. ಬರುವ ರಾಜ್ಯೋತ್ಸವದ ದಿನ ರಾತ್ರಿ ನಮ್ಮ ಹೋಟೆಲಿನ ಮಹಡಿಯ ಮೇಲೆ 'ಕಿತ್ತೂರು ಚೆನ್ನಮ್ಮ' ಚಿತ್ರವನ್ನು ತೋರಿಸುವ ಏರ್ಪಾಡು ಮಾಡಿದ್ದೇವೆ. ಗಲ್ಲಾ ಮುಚ್ಚಿ, ನಾಳೆಯ ಹಿಟ್ಟು ರುಬ್ಬಿ ಆಗುವಾಗ ಹತ್ತೂವರೆಯಾಗುತ್ತದೆ, ಅನಂತರವೇ ಆರಂಭ. ಮಾಣಿಗಳು, ಕ್ಲೀನರುಗಳು, ಭಟ್ಟರುಗಳು ಎಲ್ಲರೂ ಬರುತ್ತಾರೆ. ಕೊನೆಯ ಬಸ್ಸು ತಪ್ಪಿದರೆ ಮಲಗಲು ಚಾಪೆಯುಂಟು, ಬೆಳಿಗ್ಗೆ ಇಡ್ಲಿಯುಂಟು. ತಾವೂ ಬರಬೇಕು.